ಮೊದಲು ಕಸವೋ, ಕೆರೆಯೋ? ಸ್ಥಳೀಯ ಚುನಾವಣೆಯ ಪರಿಸರ ಪಟ್ಟಿ

ಪಾಲಿಕೆಗೋ ಪಂಚಾಯಿತಿಗೋ ಚುನಾವಣೆ ಬಂತೆಂದರೆ ಮನೆಬಾಗಿಲಿಗೆ ಬೀಳುವ ಕರಪತ್ರಗಳಲ್ಲಿ ಪರಿಸರಕ್ಕೆ ಒಂದು ಸಾಲು ಮೀಸಲು. ರಸ್ತೆ, ಚರಂಡಿ, ಬೀದಿದೀಪ ಮುಗಿದ ಮೇಲೆ, ಉದ್ಯಾನದ ಜಿಮ್ಮಿಗಿಂತ ಸ್ವಲ್ಪ ಮೇಲೆ ಅದರ ಜಾಗ: ‘ಕಸಮುಕ್ತ ವಾರ್ಡ್, ಹಸಿರು ವಾರ್ಡ್’. ಪಕ್ಷ ಯಾವುದಾದರೂ ಆ ಸಾಲು ಬದಲಾಗುವುದಿಲ್ಲ. ಬೇಡ ಎನ್ನುವವರೂ ಯಾರಿಲ್ಲ. ಜಗಳ ಶುರುವಾಗುವುದು ಆ ಸಾಲನ್ನು ಬಿಡಿಸಿ ಕೇಳಿದಾಗ. ಐದು ವರ್ಷದ ಅವಧಿ, ಇಷ್ಟೇ ಅನುದಾನ, ಕೈಯಲ್ಲಿ ಇಷ್ಟೇ ಅಧಿಕಾರ. ಹೀಗಿರುವಾಗ ಅಭ್ಯರ್ಥಿ ಮೊದಲು ಹಿಡಿಯಬೇಕಾದದ್ದು ಕಸವನ್ನೋ, ಕೆರೆಯನ್ನೋ, ಮರವನ್ನೋ, ಬಿಸಿಲನ್ನೋ? ಅಥವಾ ಇವೆಲ್ಲಕ್ಕೂ ಮೊದಲು ಅಧಿಕಾರವನ್ನೇ ಕೇಳಿ ಪಡೆಯಬೇಕೋ?

ಈ ಪ್ರಶ್ನೆಗೆ ಕರ್ನಾಟಕದಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಹಲವು ಉತ್ತರಗಳು ಬೆಳೆದಿವೆ. ಒಂದೊಂದರ ಹಿಂದೆಯೂ ಒಂದು ಬಿಕ್ಕಟ್ಟು, ಒಂದು ಹೋರಾಟ ಅಥವಾ ಒಂದು ಕೋರ್ಟ್ ಆದೇಶ ಇದೆ. ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲ ವಾದಗಳ ಅಡಿಯಲ್ಲಿ ಒಂದೇ ಪ್ರಶ್ನೆ ಕೂತಿರುವುದು ಕಾಣುತ್ತದೆ: ತನ್ನ ವಾರ್ಡಿನ ಗಡಿ ದಾಟಿ ಹೋಗುವ ಕಸಕ್ಕೆ, ಕೊಳಚೆಗೆ, ಮಳೆನೀರಿಗೆ ಆ ವಾರ್ಡಿನ ಸದಸ್ಯ ಎಷ್ಟು ದೂರದವರೆಗೆ ಹೊಣೆ?

ನೀರುಗಂಟಿಯಿಂದ ಕಾರ್ಪೊರೇಟರ್‌ವರೆಗೆ

ಊರಿನ ಪರಿಸರವನ್ನು ಊರೇ ನೋಡಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ, ಬೇಸಿಗೆಯಲ್ಲಿ ಹೂಳು ಹೊತ್ತು ಹೊಲಕ್ಕೆ ಹಾಕಿಕೊಳ್ಳುವ ರೈತರು, ಕೋಡಿ ಬಿದ್ದಾಗ ಕೆಳಗಿನ ಕೆರೆಗೆ ನೀರು ಬಿಡುವ ಕಟ್ಟುಪಾಡು, ಇವೆಲ್ಲ ಇದ್ದವು. ಆ ವ್ಯವಸ್ಥೆಯಲ್ಲಿ ಮೇಲುಕೀಳು ಧಾರಾಳವಾಗಿತ್ತು. ಆದರೂ ಕೆರೆಗೆ ಒಬ್ಬ ವಾರಸುದಾರ ಇದ್ದ. ಬ್ರಿಟಿಷರ ಮತ್ತು ಮೈಸೂರು ಸಂಸ್ಥಾನದ ಕಾಲದಲ್ಲಿ ಕೆರೆಗಳು ಒಂದೊಂದಾಗಿ ಸರ್ಕಾರಿ ಇಲಾಖೆಗಳ ಕಡತ ಸೇರಿದವು.

ಬೆಂಗಳೂರಿನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. 19ನೇ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆ ಬರೀ ಜಾಗವಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದದ್ದು ಹೀಗೆ. ನಗರಾಡಳಿತಕ್ಕೆ ಪರಿಸರ ಎಂದರೆ ಅಂದು ಮುಖ್ಯವಾಗಿ ಸ್ವಚ್ಛತೆ, ರೋಗ ತಡೆ. 1898ರ ಪ್ಲೇಗಿನ ನಂತರ ಗಾಳಿ ಬೆಳಕಿನ ಹೊಸ ಬಡಾವಣೆಗಳಿಗೆ ಒತ್ತು ಬಂದು ಬಸವನಗುಡಿ, ಮಲ್ಲೇಶ್ವರ ಬೆಳೆದದ್ದನ್ನು ನೆನೆಯಬಹುದು.

ಇಂದಿನ ಅರ್ಥದ ಪರಿಸರ ನಗರಾಡಳಿತದ ಮೇಜಿಗೆ ಬಂದದ್ದು 1980ರ ದಶಕದಲ್ಲಿ. ಬೆಂಗಳೂರಿನ ಕೆರೆಗಳನ್ನು ಉಳಿಸುವ ಬಗೆ ಹೇಳಲು ಎನ್. ಲಕ್ಷ್ಮಣರಾವ್ ನೇತೃತ್ವದ ಸಮಿತಿ ರಚನೆಯಾಯಿತು. ಅದೇ ದಶಕದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಜೀವ ಕೊಟ್ಟರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರು ಸಾಬ್’ ಎನಿಸಿಕೊಂಡ ಅವರ ಹೆಸರು ಕುಡಿಯುವ ನೀರು ಮತ್ತು ಅಧಿಕಾರ ವಿಕೇಂದ್ರೀಕರಣ ಎರಡಕ್ಕೂ ಇವತ್ತಿಗೂ ಅಂಟಿಕೊಂಡಿದೆ. 1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದವು. ಪಂಚಾಯಿತಿಗಳಿಗೆ 29 ವಿಷಯಗಳ ಪಟ್ಟಿ, ನಗರ ಸಂಸ್ಥೆಗಳಿಗೆ 18 ವಿಷಯಗಳ ಪಟ್ಟಿ. ನಗರದ ಪಟ್ಟಿಯಲ್ಲಿ ಘನತ್ಯಾಜ್ಯ ನಿರ್ವಹಣೆ, ನಗರ ಅರಣ್ಯ ಮತ್ತು ಪರಿಸರ ರಕ್ಷಣೆ ನೇರವಾಗಿಯೇ ಇವೆ. ಆದರೆ ಪಟ್ಟಿಯಲ್ಲಿರುವುದನ್ನು ಎಷ್ಟು ಕೈಗೆ ಕೊಡಬೇಕೆಂಬ ತೀರ್ಮಾನವನ್ನು ಸಂವಿಧಾನ ರಾಜ್ಯಗಳಿಗೇ ಬಿಟ್ಟಿತು. ಮುಂದಿನ ಬಹುತೇಕ ತಕರಾರು ಹುಟ್ಟಿದ್ದು ಅಲ್ಲಿ.

ಸದಸ್ಯನ ಕೈಯಲ್ಲಿ ನಿಜಕ್ಕೂ ಏನಿದೆ?

ಬೆಳ್ಳಂದೂರು ಕೆರೆಯನ್ನೇ ತೆಗೆದುಕೊಳ್ಳಿ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರುವರಿಯಲ್ಲಿ, 2018ರ ಜನವರಿಯಲ್ಲಿ ಮತ್ತೆ ಹೊಗೆ ಎದ್ದಿತು. ನೀರಿಗೆ ಬೆಂಕಿ ಬಿದ್ದ ಊರೆಂದು ಜಗತ್ತೆಲ್ಲ ಸುದ್ದಿಯಾಯಿತು. ಅಲ್ಲಿನ ಕಾರ್ಪೊರೇಟರ್ ಏನು ಮಾಡಬಹುದಿತ್ತು? ಕೆರೆ ಇದ್ದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸುಪರ್ದಿನಲ್ಲಿ. ಅದಕ್ಕೆ ಹರಿದು ಬರುವ ಕೊಳಚೆ ಜಲಮಂಡಳಿಯದು. ನೊರೆಗೆ ಕಾರಣ ಹುಡುಕಿ ನೋಟಿಸ್ ಕೊಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಪಾಲಿಕೆಯ ಪಾಲಿಗೆ ಇದ್ದದ್ದು ದಂಡೆಯ ಕಸ ಮತ್ತು ರಾಜಕಾಲುವೆ. ಕೊನೆಗೆ ಎಲ್ಲರನ್ನೂ ಒಂದೇ ಕಡೆ ನಿಲ್ಲಿಸಿ ಪ್ರಶ್ನಿಸಿದ್ದು ದೆಹಲಿಯ ಹಸಿರು ನ್ಯಾಯಮಂಡಳಿ.

ಮರಗಳ ಕಥೆಯೂ ಅಷ್ಟೇ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅನುಮತಿ ಕೊಡುವವರು ವೃಕ್ಷಾಧಿಕಾರಿ. ಕುಡಿಯುವ ನೀರು, ಬಸ್ಸು, ಬಡಾವಣೆಯ ನಕ್ಷೆ ಒಂದೊಂದೂ ಒಂದೊಂದು ಮಂಡಳಿಯದು ಅಥವಾ ಪ್ರಾಧಿಕಾರದ್ದು. ಬೆಂಗಳೂರಿನ ಕಸವನ್ನೂ ಈಗ ಪ್ರತ್ಯೇಕ ಕಂಪನಿ ನೋಡಿಕೊಳ್ಳುತ್ತದೆ. ಉಳಿದ ನಗರಗಳಲ್ಲಿ ಒಳಚರಂಡಿಯ ದೊಡ್ಡ ಕಾಮಗಾರಿಗಳು ರಾಜ್ಯಮಟ್ಟದ ನೀರು ಸರಬರಾಜು ಮಂಡಳಿಯ ಮೂಲಕ ಬರುತ್ತವೆ.

ಹಾಗೆಂದು ಸದಸ್ಯನ ಕೈ ಪೂರ್ತಿ ಖಾಲಿ ಅಲ್ಲ. ಕ್ರಿಯಾಯೋಜನೆಯಲ್ಲಿ ಯಾವ ಕಾಮಗಾರಿ ಸೇರಬೇಕು, ಬಜೆಟ್ಟಿನಲ್ಲಿ ಯಾವುದಕ್ಕೆ ಎಷ್ಟು, ಸ್ಥಾಯಿ ಸಮಿತಿಯಲ್ಲಿ ಯಾವ ಗುತ್ತಿಗೆಗೆ ಒಪ್ಪಿಗೆ, ವಾರ್ಡ್ ಸಮಿತಿ ಸಭೆ ಸೇರುತ್ತದೋ ಇಲ್ಲವೋ, ಒಣಕಸ ಸಂಗ್ರಹ ಕೇಂದ್ರಕ್ಕೆ ಜಾಗ ಸಿಗುತ್ತದೋ ಇಲ್ಲವೋ, ಇವುಗಳಲ್ಲಿ ಅವನ ಅಥವಾ ಅವಳ ಮಾತು ನಡೆಯುತ್ತದೆ. ಇದಕ್ಕಿಂತ ದೊಡ್ಡದು ಅನೌಪಚಾರಿಕ ಬಲ: ಎಂಜಿನಿಯರಿಗೆ ಮಾಡುವ ಒಂದು ಫೋನ್. ಅದು ರಾಜಕಾಲುವೆ ಒತ್ತುವರಿ ತೆರವು ಮಾಡಿಸಲೂ ಬಹುದು, ತಡೆಯಲೂ ಬಹುದು.

ಮೊದಲ ಪಂಥ: ಬೀದಿ ಸರಿಯಾದರೆ ಉಳಿದದ್ದು

ಅತಿ ಹೆಚ್ಚು ಜನ ಒಪ್ಪುವ ವಾದ ಇದು. ಕಾರ್ಪೊರೇಟರ್‌ನನ್ನು ಜನ ಆರಿಸುವುದೇ ಕಸ, ಚರಂಡಿ, ನೀರಿಗಾಗಿ. ಅದನ್ನು ಬಿಟ್ಟು ಭೂಮಿ ಉಳಿಸಲು ಹೊರಟರೆ ಎರಡೂ ಕೆಡುತ್ತವೆ. ನಗರದ ಪರಿಸರದ ಬಹುಪಾಲು ರೋಗಗಳ ಮೂಲವೂ ಇಲ್ಲೇ ಇದೆ: ಎತ್ತದ ಕಸ ಚರಂಡಿ ಕಟ್ಟುತ್ತದೆ, ಕಟ್ಟಿದ ಚರಂಡಿ ಕೆರೆಗೆ ಕೊಳೆ ತರುತ್ತದೆ, ಮೂಲೆಯಲ್ಲಿ ಸುಟ್ಟ ಕಸ ಗಾಳಿ ಕೆಡಿಸುತ್ತದೆ.

ಈ ಪಂಥಕ್ಕೆ ಬಲ ಬಂದದ್ದು ಕೋರ್ಟಿನಿಂದ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ 2000ದ ರಾಷ್ಟ್ರೀಯ ಕಸ ನಿಯಮಗಳಿಗೆ ದಾರಿ ಮಾಡಿತು. 2016ರಲ್ಲಿ ಅವು ಹೊಸ ರೂಪ ಪಡೆದವು. ಅಷ್ಟರಲ್ಲಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿನ ಮನೆಮನೆಗೆ ‘ಎರಡು ಬುಟ್ಟಿ, ಒಂದು ಚೀಲ’ದ ಲೆಕ್ಕ ಕೊಟ್ಟಿತ್ತು: ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಡಯಾಪರ್, ಪ್ಯಾಡ್‌ನಂಥವು, ಚೀಲಕ್ಕೆ ಒಣಕಸ.

ವಾರ್ಡಿನ ಮಟ್ಟದಲ್ಲಿ ಇದು ಎಲ್ಲಿ ಸೋಲುತ್ತದೆ ಎಂಬುದನ್ನು ಬೆಳಗಿನ ಹೊತ್ತು ಯಾವ ಬೀದಿಯಲ್ಲಾದರೂ ನೋಡಬಹುದು. ಏಳು ಗಂಟೆಯ ಆಟೊ ಟಿಪ್ಪರ್ ಒಂದು ದಿನ ಒಂಬತ್ತಕ್ಕೆ ಬರುತ್ತದೆ. ಅಷ್ಟರಲ್ಲಿ ಕೆಲಸಕ್ಕೆ ಹೊರಟವರು ಕವರು ಕಟ್ಟಿ ಖಾಲಿ ಸೈಟಿನ ಮೂಲೆಗೆ ಎಸೆದು ಹೋಗಿರುತ್ತಾರೆ. ಮೂರು ದಿನಕ್ಕೆ ಅದು ‘ಬ್ಲ್ಯಾಕ್ ಸ್ಪಾಟ್’. ನಾಲ್ಕನೇ ದಿನ ಪೌರಕಾರ್ಮಿಕರು ಬಳಿದು, ರಂಗೋಲಿ ಹಾಕಿ, ಗಿಡದ ಕುಂಡ ಇಡುತ್ತಾರೆ. ಬೇರೆ ಮಾಡಿ ಕೊಟ್ಟ ಮನೆಯವರ ಕಣ್ಣೆದುರೇ ಹಸಿ ಒಣ ಎರಡೂ ಒಂದೇ ಗಾಡಿಗೆ ಬಿದ್ದರೆ ಮರುದಿನದಿಂದ ಅವರೂ ಬೇರೆ ಮಾಡುವುದಿಲ್ಲ. ಇದನ್ನು ಸರಿಪಡಿಸಲು ದೊಡ್ಡ ಯೋಜನೆ ಬೇಡ, ಗುತ್ತಿಗೆದಾರನ ಬೆನ್ನು ಬಿಡದ ಸದಸ್ಯ ಸಾಕು ಎಂಬುದು ಈ ಪಂಥದ ನಂಬಿಕೆ.

ಮೈಸೂರು ಇವರ ನೆಚ್ಚಿನ ಉದಾಹರಣೆ. ಸ್ವಚ್ಛ ಸರ್ವೇಕ್ಷಣೆಯ 2016ರ ಪಟ್ಟಿಯಲ್ಲಿ ದೇಶದಲ್ಲೇ ಮೊದಲ ಸ್ಥಾನ ಪಡೆದ ಆ ನಗರದಲ್ಲಿ, ಕುಂಬಾರಕೊಪ್ಪಲಿನಂಥ ಬಡಾವಣೆಯ ಶೂನ್ಯ ತ್ಯಾಜ್ಯ ಘಟಕಗಳು ಕಸವನ್ನು ಹತ್ತಿರದಲ್ಲೇ ಬೇರ್ಪಡಿಸಿ ಗೊಬ್ಬರ ಮಾಡುವುದು ಸಾಧ್ಯವೆಂದು ತೋರಿಸಿದವು. ಅದೇ ಮೈಸೂರಿನ ವಿದ್ಯಾರಣ್ಯಪುರದಲ್ಲಿ ಕಸ ಸುರಿಯುವ ಸೂಯೆಜ್ ಫಾರ್ಮ್ ಸುತ್ತ ಇರುವವರು ದುರ್ನಾತದ ದೂರು ಕೊಡುತ್ತಲೇ ಬಂದರು. ಬೀದಿ ಥಳಥಳಿಸಿದರೂ ಕಸ ಎಲ್ಲೋ ಒಂದು ಕಡೆ ಹೋಗಿ ಬೀಳಲೇಬೇಕು. ಈ ಪಂಥದ ನೋಟ ತನ್ನ ಬೀದಿಯ ತಿರುವಿನಲ್ಲೇ ಮುಗಿಯುತ್ತದೆ ಎಂಬ ಟೀಕೆ ಹುಟ್ಟುವುದು ಇಲ್ಲಿ.

ಎರಡನೇ ಪಂಥ: ಕೆರೆ, ಕಾಲುವೆ, ಗುಂಡುತೋಪು

ಇವರ ಪ್ರಕಾರ ವಾರ್ಡಿಗೆ ಕಾಗದದ ಗಡಿ ಮಾತ್ರ ಇದೆ, ನೀರಿಗೆ ಇರುವುದು ನೆಲದ ಗಡಿ. ಬೆಂಗಳೂರು ದಿಬ್ಬದ ಮೇಲಿನ ಊರು. ಇಲ್ಲಿ ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಇಳಿಯುತ್ತದೆ. ಆ ಸರಪಳಿಯನ್ನು ಜೋಡಿಸುವ ರಾಜಕಾಲುವೆಗಳು ಎಂಟುನೂರು ಕಿಲೊಮೀಟರಿಗೂ ಹೆಚ್ಚು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಭಾಗದ ಐ.ಟಿ. ಕಚೇರಿಗಳು, ಕೋಟಿ ಬೆಲೆಯ ಮನೆಗಳು ನೀರಿನಲ್ಲಿ ನಿಂತಾಗ, ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದವರ ಚಿತ್ರಗಳು ಈ ವಾದಕ್ಕೆ ಬೇರೆ ಸಾಕ್ಷಿ ಬೇಡ ಅನ್ನಿಸಿದವು. ನೀರು ತನ್ನ ಹಳೆಯ ದಾರಿ ಹುಡುಕಿತ್ತು, ದಾರಿಯಲ್ಲಿ ಕಟ್ಟಡಗಳಿದ್ದವು.

ಕೆರೆ ಪಂಥದ ಹೆಮ್ಮೆ ಜಕ್ಕೂರು. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಸಾಮರ್ಥ್ಯದ ಘಟಕದಿಂದ ಹೊರಬಂದ ನೀರು ಮೊದಲು ಜೊಂಡು, ಆಪು ಬೆಳೆದ ಜೌಗು ಪ್ರದೇಶಕ್ಕೆ ಇಳಿಯುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕವನ್ನು ಗಿಡಗಳು ಹೀರಿಕೊಳ್ಳುತ್ತವೆ. ಆಮೇಲಷ್ಟೇ ನೀರು ಕೆರೆ ಸೇರುತ್ತದೆ. ಮೀನುಗಾರರಿಗೆ ಮೀನು, ಸುತ್ತಲಿನ ಬಾವಿಗಳಿಗೆ ಊಟೆ, ಹಕ್ಕಿಗಳಿಗೆ ನೆಲೆ. ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿ ಕೆರೆಗಳಲ್ಲಿ ನಿವಾಸಿಗಳೇ ಸಂಘ ಕಟ್ಟಿ ಪಾಲಿಕೆಯೊಂದಿಗೆ ಸೇರಿ ಕೆರೆ ನೋಡಿಕೊಂಡರು. ಇದಕ್ಕೆ ಮೊದಲು, 2000ದ ದಶಕದಲ್ಲಿ, ಕೆಲವು ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದು ಹೈಕೋರ್ಟ್ ಮೆಟ್ಟಿಲೇರಿತ್ತು. ಆ ಮೊಕದ್ದಮೆಯಲ್ಲೇ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಕೆರೆ ರಕ್ಷಣೆಯ ದಾರಿ ಸೂಚಿಸಿತು.

ಮರಗಳ ಹೋರಾಟವನ್ನೂ ಇದೇ ಪಂಥದಲ್ಲಿ ಸೇರಿಸಬಹುದು. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಎಂಟುನೂರಕ್ಕೂ ಹೆಚ್ಚು ಮರ ಕಡಿಯಬೇಕಾಗುತ್ತದೆ ಎಂದಾಗ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಗಮನಿಸಬೇಕಾದದ್ದು: ಆ ಯೋಜನೆ ಪಾಲಿಕೆಯದಾಗಿರಲಿಲ್ಲ, ಹೋರಾಟದ ಮುಂದಾಳುಗಳಲ್ಲಿ ಬಹುತೇಕರು ಚುನಾಯಿತರೂ ಅಲ್ಲ.

ಈ ಪಂಥಕ್ಕೆ ಬರುವ ಆಕ್ಷೇಪ ವರ್ಗದ್ದು. ಬೇಲಿ ಹಾಕಿ, ನಡಿಗೆ ಪಥ ಮಾಡಿ, ಗೇಟಿಗೆ ಬೀಗ ಇಟ್ಟ ಕೆರೆಯಲ್ಲಿ ಬಟ್ಟೆ ಒಗೆಯುವವರಿಗೆ, ದನದ ಮೈ ತೊಳೆಯುವವರಿಗೆ, ಸೊಪ್ಪು ಕುಯ್ಯುವವರಿಗೆ ಜಾಗ ಉಳಿಯಲಿಲ್ಲ. ನಗರ ಪರಿಸರದ ಇತಿಹಾಸ ಬರೆದ ಹರಿಣಿ ನಾಗೇಂದ್ರ ಅವರು ಬೆಂಗಳೂರಿನ ಕೆರೆಗಳನ್ನು ಕುರಿತು ಇದನ್ನು ವಿವರವಾಗಿ ತೋರಿಸಿದ್ದಾರೆ.

ಮೂರನೇ ಪಂಥ: ಬಿಸಿಲು, ಬರ, ಮುಂದಿನ ಮಳೆ

ಹವಾಮಾನ ಬದಲಾವಣೆ ದೆಹಲಿಯ ಅಥವಾ ವಿಶ್ವಸಂಸ್ಥೆಯ ವಿಷಯ, ವಾರ್ಡಿಗೆ ಅದೇನು ಸಂಬಂಧ ಎಂಬ ಮಾತು 2024ರ ಬೇಸಿಗೆಯ ನಂತರ ಸ್ವಲ್ಪ ತಗ್ಗಿದೆ. ಆ ವರ್ಷ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರವನ್ನು ಜಿಲ್ಲಾಡಳಿತ ನಿಗದಿ ಮಾಡಬೇಕಾಯಿತು. ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಪಾಲಿಕೆಗೆ ಸೇರಿದ್ದ 110 ಹಳ್ಳಿಗಳ ಕಡೆ ಹರಿಯತೊಡಗಿತು. ಆದರೆ ಮಳೆ ಕೈಕೊಟ್ಟ ವರ್ಷ ಕಾವೇರಿಯಲ್ಲೂ ನೀರು ಕಡಿಮೆಯೇ.

2023ರ ನವೆಂಬರ್‌ನಲ್ಲಿ ಬೆಂಗಳೂರು ತನ್ನದೇ ಹವಾಮಾನ ಕ್ರಿಯಾಯೋಜನೆ ಪ್ರಕಟಿಸಿತು. ಅಹಮದಾಬಾದ್ 2013ರಲ್ಲೇ ಬಿಸಿಗಾಳಿಗೆ ಯೋಜನೆ ರೂಪಿಸಿ ದಾರಿ ತೋರಿಸಿತ್ತು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ನಗರಗಳು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಹೀಗೆ ನೋಡಿದರೆ ಪ್ರತಿ ಕಾಮಗಾರಿಗೂ ಒಂದು ಹವಾಮಾನ ಪ್ರಶ್ನೆ ಕೇಳಬೇಕು ಎನ್ನುತ್ತದೆ ಈ ಪಂಥ. ಫುಟ್‌ಪಾತಿಗೆ ಪೂರ್ತಿ ಕಾಂಕ್ರೀಟ್ ಹಾಕಿದರೆ ನೀರು ಎಲ್ಲಿ ಇಂಗಬೇಕು? ತಗಡಿನ ಮನೆಗಳ ಕೊಳೆಗೇರಿಯಲ್ಲಿ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ? ಬಸ್ ನಿಲ್ದಾಣದಲ್ಲಿ ನೆರಳು ಇದೆಯೇ?

ಈ ವಾದದ ದೌರ್ಬಲ್ಯ ಅದರ ಭಾಷೆ ಮತ್ತು ಕಾಲಮಾನ. ಯೋಜನೆಯ ಗುರಿ 2050ರದ್ದು, ಸದಸ್ಯನ ಅವಧಿ ಐದು ವರ್ಷದ್ದು. ಇಂಗಾಲದ ಲೆಕ್ಕ ಹೇಳಿ ಓಟು ಕೇಳುವುದು ಕಷ್ಟ. ಆದ್ದರಿಂದ ಚುರುಕಾದ ಅಭ್ಯರ್ಥಿ ಇಂಗಾಲದ ಮಾತು ಬಿಟ್ಟು ನೆರಳು, ಟ್ಯಾಂಕರ್, ನೆರೆ ಎಂದೇ ಮಾತಾಡುತ್ತಾರೆ.

ನಾಲ್ಕನೇ ಪಂಥ: ಯಾರ ಹೆಗಲಿಗೆ, ಯಾರ ಊರಿಗೆ

ಉಳಿದವರೆಲ್ಲ ಪರಿಸರದಲ್ಲಿ ಏನು ಮೊದಲು ಎಂದು ಕೇಳಿದರೆ ಈ ಪಂಥ ಯಾರು ಮೊದಲು ಎಂದು ಕೇಳುತ್ತದೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಯಲಹಂಕದಾಚೆಯ ಮಾವಳ್ಳಿಪುರಕ್ಕೆ, ಮತ್ತೊಂದು ದಿಕ್ಕಿನಲ್ಲಿ ಮಂಡೂರಿಗೆ ಹೋಯಿತು. ಬಾವಿ ನೀರು ಕೆಟ್ಟಿತು, ನೊಣ ಮುತ್ತಿತು, ಕಸದ ಬೆಟ್ಟ ಹೊಗೆಯಾಡಿತು. 2012ರಲ್ಲಿ ಮಾವಳ್ಳಿಪುರದ ಜನರ ಪ್ರತಿಭಟನೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಅಲ್ಲಿ ಸುರಿಯುವುದು ನಿಂತಾಗ ರಾಜಧಾನಿಯ ಬೀದಿಗಳಲ್ಲಿ ಕಸ ಗುಡ್ಡೆಯಾಯಿತು. 2014ರಲ್ಲಿ ಮಂಡೂರಿನವರು ಲಾರಿ ತಡೆದರು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳ ಸರದಿ ಬಂತು. ಮಂಡೂರಿನವರಿಗೆ ಬೆಂಗಳೂರಿನ ಕಾರ್ಪೊರೇಟರ್‌ನನ್ನು ಸೋಲಿಸುವ ಓಟು ಇರಲಿಲ್ಲ. ಸ್ಥಳೀಯ ಪ್ರಜಾಪ್ರಭುತ್ವದ ದೊಡ್ಡ ತೂತು ಇದೇ ಎಂಬುದು ಈ ಪಂಥದವರ ವಾದ.

ಮಂಗಳೂರಿನಲ್ಲಿ ಸಂತ್ರಸ್ತರು ನಗರದ ಒಳಗೇ ಇದ್ದರು. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರ ಪ್ರದೇಶದ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಮುಚ್ಚಿಹೋದವು, ಕುಟುಂಬಗಳು ಮನೆ ಬಿಡಬೇಕಾಯಿತು. ಮೂರು ತಿಂಗಳಲ್ಲೇ, ನವೆಂಬರ್‌ನಲ್ಲಿ, ಪಾಲಿಕೆ ಚುನಾವಣೆ ನಡೆಯಿತು. 60ರಲ್ಲಿ 44 ಸ್ಥಾನ ಗೆದ್ದು ಬಿಜೆಪಿ ಅಧಿಕಾರಕ್ಕೆ ಬಂತು. ಈ ಫಲಿತಾಂಶದಲ್ಲಿ ಕಸದ ಕುಸಿತಕ್ಕೆ ಎಷ್ಟು ಪಾಲು, ಪಕ್ಷದ ಅಲೆಗೆ ಎಷ್ಟು ಪಾಲು ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ಇದೇ ಪಂಥದ ಇನ್ನೊಂದು ಕವಲು ಕೆಲಸಗಾರರದು. ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಎತ್ತಿದ ಬೇಡಿಕೆಗಳು 2022ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ಕಾಯಂಗಾಗಿ ಮುಷ್ಕರ ಹೂಡುವವರೆಗೂ ಪೂರ್ತಿ ಈಡೇರಿರಲಿಲ್ಲ. ಚಿಂದಿ ಆಯುವವರನ್ನು ಸಂಘಟಿಸಿದ ಹಸಿರು ದಳದಂಥ ಸಂಸ್ಥೆಗಳಿಂದಾಗಿ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಬಂತು, ವಾರ್ಡುಗಳ ಒಣಕಸ ಕೇಂದ್ರಗಳನ್ನು ಹಲವರು ನಡೆಸತೊಡಗಿದರು. ಒಣಕಸದ ವ್ಯವಸ್ಥೆ ದೊಡ್ಡ ಕಂಪನಿಯ ಟೆಂಡರಿಗೆ ಹೋದರೆ ಇವರ ಗತಿ ಏನು ಎಂಬುದು ಅಭ್ಯರ್ಥಿಗೆ ಕೇಳಬಹುದಾದ ನೇರ ಪ್ರಶ್ನೆ.

ಐದನೇ ಪಂಥ: ಅಧಿಕಾರ ಬರಲಿ, ಆಮೇಲೆ ಪಟ್ಟಿ

ಈ ವಾದ ಮಾಡುವವರಿಗೆ ಹಿಂದಿನ ನಾಲ್ಕೂ ಪಟ್ಟಿಗಳು ಸರಿಯೇ, ಕಾರ್ಯಗತ ಮಾಡುವ ಕೈ ಇಲ್ಲದ್ದೇ ತೊಂದರೆ. ಬೆಂಗಳೂರಿನಲ್ಲಿ 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಉರುಳಿದರೂ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ನಗರ ನಡೆಯಿತು. 2022ರ ನೆರೆ, 2024ರ ನೀರಿನ ಬರ ಎರಡೂ ಬಂದದ್ದು ಕಾರ್ಪೊರೇಟರ್ ಇಲ್ಲದ ಆ ಕಾಲದಲ್ಲೇ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳೂ 2021ರಿಂದ ಅದೇ ಸ್ಥಿತಿ ಕಂಡವು. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಗಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳೂ ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರವೂ ಬಂದವು. ಸಣ್ಣ ಪಾಲಿಕೆ ಜನರಿಗೆ ಹತ್ತಿರ ಎನ್ನುವವರಿದ್ದಾರೆ. ಮೇಲೆ ಮುಖ್ಯಮಂತ್ರಿ ಕೂತ ಮೇಲೆ ಮೇಯರ್‌ಗೆ ಏನು ಉಳಿಯಿತು ಎನ್ನುವವರೂ ಇದ್ದಾರೆ.

ಇವರು ಅಭ್ಯರ್ಥಿಯಿಂದ ಬಯಸುವುದು ಗಿಡ ನೆಡುವ ಭರವಸೆಯನ್ನಲ್ಲ. ತಿಂಗಳಿಗೊಮ್ಮೆ ವಾರ್ಡ್ ಸಮಿತಿ ಸಭೆ, ಸಭೆಯ ನಡಾವಳಿ ಸೂಚನಾ ಫಲಕದಲ್ಲಿ, ಕಾಮಗಾರಿ ಬಿಲ್ಲು ಪಾಸಾಗುವ ಮೊದಲು ಸ್ಥಳದಲ್ಲೇ ಪರಿಶೀಲನೆ, ಇಷ್ಟು ಸಿಕ್ಕರೆ ಸಾಕು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಸಂವಿಧಾನವೇ ಹೇಳಿದ ಕಡ್ಡಾಯ. ಆದರೂ ಬೆಂಗಳೂರಿನಲ್ಲಿ ಅವು ಚಲಿಸತೊಡಗಿದ್ದು ಹೈಕೋರ್ಟ್ ಕಸದ ಮೊಕದ್ದಮೆಯಲ್ಲಿ ಬೆನ್ನು ಬಿದ್ದ ಮೇಲೆ. ಕೇರಳದಲ್ಲಿ 1996ರ ಜನಕೀಯ ಯೋಜನೆ ಮೊದಲು ದುಡ್ಡನ್ನೇ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು ಆಮೇಲೆ ಹೊಣೆ ಕೇಳಿತು ಎಂದು ಇವರು ನೆನಪಿಸುತ್ತಾರೆ. ಆದರೆ ಅಧಿಕಾರ ಸಿಕ್ಕರೆ ಪರಿಸರ ತಾನಾಗಿ ಉಳಿಯುತ್ತದೆ ಎನ್ನಲು ಆಧಾರ ಕಡಿಮೆ. 2023ರ ಮಾರ್ಚ್‌ನಲ್ಲಿ ದಿನಗಟ್ಟಲೆ ಉರಿದ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಇರುವುದೂ ಅದೇ ಕೇರಳದಲ್ಲಿ.

ಹಳ್ಳಿಯ ಕಣ

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಅಲ್ಲಿ ಪರಿಸರದ ಪ್ರಶ್ನೆಗಳೂ ಬೇರೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯವು. ನರೇಗಾದಲ್ಲಿ ಗೋಕಟ್ಟೆ, ಕೆರೆಗಳ ಹೂಳೆತ್ತಲಾಗಿದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಕಟ್ಟು ಇತ್ತು. ಆ ಮಟ್ಟಿಗೆ ಆದ್ಯತೆಯನ್ನು ದೆಹಲಿಯೇ ಬರೆದುಕೊಟ್ಟಂತಾಯಿತು.

ಕಸದಲ್ಲಿ ಹಳ್ಳಿಗಳೇ ಕೆಲವೆಡೆ ನಗರಕ್ಕಿಂತ ಮುಂದೆ ಹೋದವು. ಕುಂದಾಪುರ ಬಳಿಯ ವಂಡ್ಸೆ ಪಂಚಾಯಿತಿ ಮನೆಮನೆಯ ಕಸ ಬೇರ್ಪಡಿಸಿ ಮಾರಿ ಹೆಸರಾಯಿತು. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸ ಒಂದೇ ಘಟಕಕ್ಕೆ ಬರುತ್ತದೆ. ಹಲವು ಜಿಲ್ಲೆಗಳಲ್ಲಿ ಸ್ವಸಹಾಯ ಸಂಘದ ಹೆಂಗಸರೇ ‘ಸ್ವಚ್ಛ ವಾಹಿನಿ’ ಗಾಡಿ ಓಡಿಸುತ್ತಾರೆ, ‘ಸ್ವಚ್ಛ ಸಂಕೀರ್ಣ’ ನಡೆಸುತ್ತಾರೆ.

ಮಲೆನಾಡಿನಲ್ಲಿ ವಿಷಯ ಇನ್ನೂ ಬಿಸಿ. ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿ ಪಶ್ಚಿಮ ಘಟ್ಟದ ನಿರ್ಧಾರಗಳು ಗ್ರಾಮಸಭೆಯಿಂದ ಮೇಲಕ್ಕೆ ಬರಬೇಕೆಂದಿತು. ನಂತರದ ಕಸ್ತೂರಿರಂಗನ್ ವರದಿಯಿಂದ ಕರ್ನಾಟಕದ 20,668 ಚದರ ಕಿ.ಮೀ. ಸೂಕ್ಷ್ಮ ವಲಯದ ಪ್ರಸ್ತಾವಕ್ಕೆ ಸೇರಿತು. ಅನೇಕ ಗ್ರಾಮಸಭೆಗಳು ಅದರ ವಿರುದ್ಧವೇ ನಿರ್ಣಯ ಮಾಡಿದವು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟವೂ ವರದಿಯನ್ನು ತಿರಸ್ಕರಿಸಿತು. ಹಾಗಾದರೆ ಕಾಡಿನ ಪರ ಮಾತಾಡುವ ಅಭ್ಯರ್ಥಿ ಅಲ್ಲಿ ಜನರ ಪರವೋ ವಿರುದ್ಧವೋ? 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಆ ಸಮಿತಿಗೆ ಜೀವ ಬಂದಿದ್ದರೆ ಈ ಜಗಳ ಇಷ್ಟು ಕಹಿಯಾಗುತ್ತಿರಲಿಲ್ಲ ಎನ್ನುವವರಿದ್ದಾರೆ.

ಇತ್ಯರ್ಥವಾಗದೆ ಉಳಿದವು

ಐದೂ ಪಂಥಗಳು ಒಂದೊಂದು ತುಂಡನ್ನು ಸರಿಯಾಗಿ ವಿವರಿಸುತ್ತವೆ. ಜನ ಏನು ಕೇಳುತ್ತಾರೆ ಎಂಬುದನ್ನು ಮೊದಲ ಪಂಥ, ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಎರಡನೆಯದು, ಅದು ಏಕೆ ಹೆಚ್ಚುತ್ತಿದೆ ಎಂಬುದನ್ನು ಮೂರನೆಯದು, ಯಾರು ನರಳುತ್ತಾರೆ ಎಂಬುದನ್ನು ನಾಲ್ಕನೆಯದು, ಏಕೆ ಸರಿಯಾಗುವುದಿಲ್ಲ ಎಂಬುದನ್ನು ಐದನೆಯದು. ನನಗೆ ಕಾಣುವಂತೆ ಅಭ್ಯರ್ಥಿಯ ಪಟ್ಟಿಯ ಮೊದಲ ಸಾಲು ಒಂದು ನಕ್ಷೆಯಾಗಿರಬೇಕು: ಈ ವಾರ್ಡಿನ ಕಸ, ಕೊಳಚೆ, ಮಳೆನೀರು ಇಲ್ಲಿಂದ ಹೊರಟು ಯಾರ ಊರು ಸೇರುತ್ತವೆ, ದಾರಿಯಲ್ಲಿ ಯಾವ ಇಲಾಖೆಯ ಬಾಗಿಲು ತಟ್ಟಬೇಕು. ಅದು ಇಲ್ಲದ ‘ಹಸಿರು ವಾರ್ಡ್’ ಪಕ್ಕದ ವಾರ್ಡಿಗೆ ಕೊಳೆ ದಾಟಿಸಿ ಹಸಿರಾದದ್ದೂ ಆಗಿರಬಹುದು.

ಆದರೆ ಆ ನಕ್ಷೆ ಕೈಗೆ ಬಂದರೂ ಕೆಲವು ಪ್ರಶ್ನೆಗಳು ಬಗೆಹರಿಯುವುದಿಲ್ಲ.

ಒಂದು, ಗಡಿಯದು. ಐದು ಪಾಲಿಕೆಗಳ ಗಡಿ ಎಳೆದದ್ದು ಕಣಿವೆಗಳನ್ನು ನೋಡಿ ಅಲ್ಲ. ಒಂದು ಪಾಲಿಕೆ ರಾಜಕಾಲುವೆ ಅಗಲಿಸಿದರೆ ಕೆಳಗಿನದಕ್ಕೆ ನೀರು ಬೇಗ ನುಗ್ಗುತ್ತದೆ. ಇದನ್ನು ಮೇಲಿನ ಪ್ರಾಧಿಕಾರ ತೀರ್ಮಾನಿಸಬೇಕೋ, ಪಾಲಿಕೆಗಳು ಪರಸ್ಪರ ಕೂತು ಒಪ್ಪಬೇಕೋ ಎಂಬುದಕ್ಕೆ ಪಳಗಿದ ಪದ್ಧತಿ ಇನ್ನೂ ಹುಟ್ಟಿಲ್ಲ.

ಎರಡು, ನಗರದ ಆಚೆಯದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋರಮಂಗಲ–ಚಲ್ಲಘಟ್ಟ (ಕೆ.ಸಿ.) ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಅಂತರ್ಜಲಕ್ಕೆ ಏನು ಸೇರುತ್ತಿದೆ ಎಂದು ಕೇಳುವ ರೈತರೂ ಇದ್ದಾರೆ. ಬೆಂಗಳೂರಿನ ಸದಸ್ಯ ಕೋಲಾರದವರಿಗೆ ಉತ್ತರ ಕೊಡಬೇಕಾದ ವೇದಿಕೆ ಯಾವುದು?

ಮೂರು, ಕೆರೆಯ ಸುತ್ತ ಎಷ್ಟು ಜಾಗ ಬಿಡಬೇಕೆಂಬುದು. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮನೆ ಕಟ್ಟಿಕೊಂಡವರ ಹಕ್ಕು ಮತ್ತು ಕೆರೆಯ ಉಸಿರಿನ ನಡುವಿನ ತಕ್ಕಡಿ ಇನ್ನೂ ತೂಗುತ್ತಲೇ ಇದೆ.

ನಾಲ್ಕು, ಕಸ ಸಂಸ್ಕರಣೆ ವಾರ್ಡಿನಲ್ಲೇ ಆಗಬೇಕೋ ದೊಡ್ಡ ಘಟಕದಲ್ಲೋ, ಅದಕ್ಕೆ ಮನೆಯವರು ಎಷ್ಟು ಶುಲ್ಕ ಕೊಡಬೇಕು ಎಂಬುದು. ತನ್ನ ವಾರ್ಡಿನಲ್ಲಿ ಗೊಬ್ಬರ ಘಟಕ ಬೇಡವೆನ್ನುವ ಮತದಾರರೇ ಮಂಡೂರಿಗೆ ಅನ್ಯಾಯವಾಯಿತು ಎಂದು ಮರುಗುತ್ತಾರೆ. ಅವರ ಎದುರು ನಿಂತು ಘಟಕ ಇಲ್ಲೇ ಬರಲಿ ಎಂದು ಹೇಳಿ ಗೆಲ್ಲಬಲ್ಲ ಅಭ್ಯರ್ಥಿ ಇದ್ದಾರೆಯೇ?

ಕೊನೆಯದು ಎಲ್ಲಕ್ಕೂ ಅಡಿಪಾಯ: ಪರಿಸರಕ್ಕೆ ಓಟು ಇದೆಯೇ? 2015ರ ಬೆಂಗಳೂರು ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಜಾತಿ, ಪಕ್ಷ, ಪರಿಚಯ, ಹಣ ಇವೆಲ್ಲದರ ನಡುವೆ ಕೆರೆಗಾಗಿ ಸೋತವರು, ಗೆದ್ದವರು ಯಾರೆಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ಪರಿಸರದ ಬಹುತೇಕ ಗೆಲುವುಗಳು ಇದುವರೆಗೆ ಕೋರ್ಟಿನಲ್ಲಿ ಅಥವಾ ಬೀದಿಯಲ್ಲಿ ಸಿಕ್ಕಿವೆ. ಕೌನ್ಸಿಲ್ ಸಭಾಂಗಣದಲ್ಲಿ ಸಿಕ್ಕವು ವಿರಳ. ಅದಕ್ಕೆ ಕಾರಣ ಸದಸ್ಯರ ನಿರಾಸಕ್ತಿಯೋ, ಅಧಿಕಾರದ ಕೊರತೆಯೋ, ಮತದಾರರು ಹಾಗೆ ಕೇಳದಿರುವುದೋ ಎಂಬುದನ್ನು ತೀರ್ಮಾನಿಸಲು ಹೊತ್ತಿಗೆ ಸರಿಯಾಗಿ ಚುನಾವಣೆಗಳು ನಡೆಯಬೇಕು. ಚುನಾವಣೆಯೇ ನಡೆಯದ ವರ್ಷಗಳು ಆ ಪರೀಕ್ಷೆಗೂ ಅವಕಾಶ ಕೊಟ್ಟಿಲ್ಲ.